ಆಟದ ಪಿರಿಯಡ್ ತೆಗೆದ ವರ್ಷ: ದಕ್ಷಿಣ ಕೊಡಗಿನ ಒಂದು ಖಾಸಗಿ ಶಾಲೆಯ ಪ್ರಕರಣ

2023ರ ಜೂನ್‌ನಲ್ಲಿ ನಮ್ಮ ಶಾಲೆ ಒಂಬತ್ತು ಮತ್ತು ಹತ್ತನೇ ತರಗತಿಯ ಆಟದ ಪಿರಿಯಡ್‌ಗಳನ್ನು ತೆಗೆದುಹಾಕಿತು. ವಾರಕ್ಕೆ ಎರಡೇ ಪಿರಿಯಡ್ ಇದ್ದವು. ಹತ್ತನೇ ತರಗತಿಯಲ್ಲಿ ಎರಡೂ ಹೋಗಿದ್ದು ಗಣಿತಕ್ಕೆ, ಅಂದರೆ ನನಗೆ. ಬೇಕು ಅಂತ ಕೇಳಿದವಳೂ ನಾನೇ. ಒಂದು ವರ್ಷ ಕಳೆದ ಮೇಲೆ ಅವನ್ನು ವಾಪಸ್ ತೆಗೆದುಕೊಳ್ಳಿ ಎಂದು ಆಡಳಿತ ಮಂಡಳಿಗೆ ಬರೆದುಕೊಟ್ಟವಳೂ ನಾನೇ. ನಡುವಿನ ಹನ್ನೆರಡು ತಿಂಗಳಲ್ಲಿ ನಡೆದದ್ದನ್ನು ಮತ್ತು ಆಮೇಲೆ ನಾವು ಮಾಡಿಕೊಂಡ ಬದಲಾವಣೆಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಶಾಲೆಯ ಹೆಸರಾಗಲಿ ಮಕ್ಕಳ ಹೆಸರಾಗಲಿ ಹಾಕಿಲ್ಲ.

ಶಾಲೆ ಹೇಗಿದೆ

ನಮ್ಮದು ಅನುದಾನರಹಿತ ಶಾಲೆ. ನರ್ಸರಿಯಿಂದ ಹತ್ತರವರೆಗೆ ಇದೆ. ರಾಜ್ಯ ಪಠ್ಯಕ್ರಮ, ಇಂಗ್ಲಿಷ್ ಮಾಧ್ಯಮ. ಸರ್ಕಾರದಿಂದ ಸಂಬಳಕ್ಕೆ ಒಂದು ರೂಪಾಯಿ ಬರುವುದಿಲ್ಲ. ಫೀಸಿನಲ್ಲೇ ಸಂಬಳ, ಫೀಸಿನಲ್ಲೇ ಬಸ್ಸಿನ ಡೀಸೆಲ್, ಫೀಸಿನಲ್ಲೇ ಆಟದ ಸಾಮಾನು. ಸುತ್ತ ಕಾಫಿ ತೋಟ. ಕಟ್ಟಡದ ಹಿಂದೆ ಒಂದು ಮಣ್ಣಿನ ಮೈದಾನ ಇದೆ. ಪೂರ್ತಿ ಅಳತೆಯದ್ದಲ್ಲ, ಒಂದು ಮೂಲೆ ಇಳಿಜಾರು. ಆ ಕಡೆ ಹೊಡೆದ ಬಾಲ್ ನೇರ ತೋಡಿಗೆ ಹೋಗುತ್ತದೆ.

ಮಕ್ಕಳಲ್ಲಿ ಎಲ್ಲ ತರದವರೂ ಇದ್ದಾರೆ. ತೋಟದ ಮಾಲೀಕರ ಮಕ್ಕಳು, ಗೋಣಿಕೊಪ್ಪಲಿನ ಅಂಗಡಿಯವರ ಮಕ್ಕಳು, ತೋಟದ ರೈಟರ್ (ಲೆಕ್ಕ ಬರೆಯುವವರು) ಮತ್ತು ಡ್ರೈವರ್‌ಗಳ ಮಕ್ಕಳು, ಹಾಸನ, ಪಿರಿಯಾಪಟ್ಟಣದ ಕಡೆಯಿಂದ ಕೆಲಸಕ್ಕೆ ಬಂದು ಇಲ್ಲೇ ನೆಲೆ ನಿಂತವರ ಮಕ್ಕಳು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಇಡೀ ಪ್ರಕರಣ ನಿಂತಿರುವುದು ಇದರ ಮೇಲೆ.

ಕೊಡಗು ಅಂದ ಕೂಡಲೇ ಜನ ಹಾಕಿ ಅನ್ನುತ್ತಾರೆ. ತಪ್ಪೇನಿಲ್ಲ. 1973ರ ವಿಶ್ವಕಪ್‌ನಲ್ಲಿ ಭಾರತ ತಂಡದ ನಾಯಕರಾಗಿದ್ದ ಎಂ.ಪಿ. ಗಣೇಶ್ ಇಲ್ಲಿಯವರು. 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದ ಎಂ.ಎಂ. ಸೋಮಯ್ಯ ಇಲ್ಲಿಯವರು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟುಂಬದವರು ಶುರು ಮಾಡಿದ ಕೊಡವ ಕೌಟುಂಬಿಕ ಹಾಕಿ ಹಬ್ಬಕ್ಕೆ ಮೊದಲ ವರ್ಷ ಬಂದದ್ದು 60 ತಂಡ. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ ಅದು 360 ಆಗಿತ್ತು. ಅಜ್ಜ, ಮಗ, ಮೊಮ್ಮಗಳು ಒಂದೇ ತಂಡದಲ್ಲಿ ಆಡುವುದನ್ನು ಬೇರೆ ಎಲ್ಲಿ ನೋಡಲು ಸಿಗುತ್ತದೆ?

ಈ ಹೆಮ್ಮೆಯಿಂದಲೇ ನಮ್ಮ ಶಾಲೆ ಒಂದು ಕಡೆ ಎಡವಿತು. ಆಟ ಹೇಗೂ ಮನೆಯಲ್ಲೇ ಸಿಗುತ್ತದೆ, ಶಾಲೆ ಪಾಠ ನೋಡಿಕೊಂಡರೆ ಸಾಕು ಎಂದು ನಾವೆಲ್ಲ ನಂಬಿದ್ದೆವು.

ತೆಗೆದದ್ದು ಯಾಕೆ

2023ರ ಎಸ್ಸೆಸ್ಸೆಲ್ಸಿಯಲ್ಲಿ ನಮ್ಮಲ್ಲಿ ಯಾರೂ ಫೇಲಾಗಿರಲಿಲ್ಲ. ಆದರೆ ಡಿಸ್ಟಿಂಕ್ಷನ್ ಕಡಿಮೆಯಾಗಿತ್ತು. ಪಕ್ಕದ ಊರಿನ ಶಾಲೆಯ ಫ್ಲೆಕ್ಸ್ ಬಸ್‌ಸ್ಟ್ಯಾಂಡಿನಲ್ಲಿ ಕಾಣುತ್ತಿತ್ತು. ಅದರಲ್ಲಿ 600 ದಾಟಿದ ಮಕ್ಕಳ ಫೋಟೊ ಇತ್ತು. ಜೂನ್‌ನ ಪೋಷಕರ ಸಭೆಯಲ್ಲಿ ಒಬ್ಬರು ಎದ್ದು, "ಮೇಡಂ, ಹತ್ತನೇ ಕ್ಲಾಸಿಗೂ ಆಟ ಆಡಿಸ್ತಾ ಕೂತ್ರೆ ಹೇಗೆ?" ಎಂದು ಕೇಳಿದರು. ಸುಮಾರು ಜನ ತಲೆ ಆಡಿಸಿದರು. ನಾನೂ ತಲೆ ಆಡಿಸಿದೆ.

ನನ್ನ ಲೆಕ್ಕ ಸರಳವಾಗಿತ್ತು. ವಾರಕ್ಕೆ 40 ನಿಮಿಷದ ಎರಡು ಪಿರಿಯಡ್. ಜೂನ್‌ನಿಂದ ಜನವರಿವರೆಗೆ ರಜೆ, ಪರೀಕ್ಷೆ ಕಳೆದು 28 ವಾರ ಅಂದುಕೊಂಡರೂ 37 ಗಂಟೆಗಿಂತ ಜಾಸ್ತಿ ಸಿಗುತ್ತದೆ. ತ್ರಿಕೋನಮಿತಿ ಪಾಠವನ್ನು ಮೂರು ಸಲ ಮಾಡಬಹುದು. ಮಳೆರಜೆ ಬೇರೆ ಇದೆ. ಜುಲೈನಲ್ಲಿ ಜಿಲ್ಲಾಧಿಕಾರಿ ರಜೆ ಕೊಟ್ಟಾಗಲೆಲ್ಲ ಪೋರ್ಷನ್ ಹಿಂದೆ ಬೀಳುತ್ತದೆ. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ದೈಹಿಕ ಶಿಕ್ಷಣಕ್ಕೆ ಒಂದು ಅಂಕವೂ ಇಲ್ಲ, ಬರೀ ಗ್ರೇಡ್. ಇಷ್ಟೆಲ್ಲ ಇದ್ದಾಗ ಆಟದ ಪಿರಿಯಡ್ ಬಿಟ್ಟುಕೊಡುವುದರಲ್ಲಿ ನಷ್ಟ ಏನು ಎಂದು ನನಗೆ ನಿಜವಾಗಿಯೂ ಕಾಣಲಿಲ್ಲ.

ಪಿಇ ಮಾಸ್ಟ್ರನ್ನು ಯಾರೂ ಕೇಳಲಿಲ್ಲ. ಅವರನ್ನು ವಾರಕ್ಕೆ ಮೂರು ದಿನದ ಪಾರ್ಟ್‌ಟೈಮ್‌ಗೆ ಇಳಿಸಿದರು. ಆ ಮೂರು ದಿನದಲ್ಲೂ ಬಸ್ ಡ್ಯೂಟಿ, ಯೂನಿಫಾರ್ಮ್ ಚೆಕಿಂಗ್, ಯಾರಾದರೂ ಟೀಚರ್ ರಜೆ ಹಾಕಿದರೆ ಆ ಕ್ಲಾಸಿನಲ್ಲಿ ಕೂರುವುದು. ಸಂಜೆಯ ಅಭ್ಯಾಸ ನಿಂತಿತು. ಹಾಕಿ ಸ್ಟಿಕ್‌ಗಳು ಲ್ಯಾಬಿನ ಹಿಂದಿನ ಕೋಣೆಗೆ ಹೋದವು.

ಆ ವರ್ಷ

ಮೊದಲ ಎರಡು ತಿಂಗಳು ಯಾರಿಗೂ ಏನೂ ಗೊತ್ತಾಗಲಿಲ್ಲ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನ ಹೇಗೂ ಸಿಗುವುದಿಲ್ಲ. ಮೊಣಕಾಲೆತ್ತರ ಹುಲ್ಲು, ಜಿಗಣೆ, ಕೆಂಪು ಕೆಸರು. ಇಲಾಖೆಯ ತಾಲ್ಲೂಕು ಮಟ್ಟದ ಕ್ರೀಡಾಕೂಟ ನೋಡಿದರೆ ಮಳೆ ಪೂರ್ತಿ ಬಿಡುವ ಮೊದಲೇ ಬಂದುಬಿಡುತ್ತದೆ. ಕೊಡಗಿನ ಪಿಇ ಶಿಕ್ಷಕರಿಗೆಲ್ಲ ಇರುವ ಹಳೆಯ ತಲೆನೋವು ಇದು. ಬಯಲುಸೀಮೆಯ ಮಕ್ಕಳು ಜೂನ್‌ನಿಂದಲೇ ಓಡುತ್ತಿರುತ್ತಾರೆ, ನಮ್ಮವರು ವರಾಂಡದಲ್ಲಿ ಕೊಡೆ ಮಡಚುತ್ತಿರುತ್ತಾರೆ. ವಿಭಾಗ ಮಟ್ಟಕ್ಕೆ ಹೋದಾಗ ಈ ವ್ಯತ್ಯಾಸ ಕಾಲಿನಲ್ಲೇ ಕಾಣುತ್ತದೆ.

ಅಕ್ಟೋಬರ್ ಬಂತು. ಬಿಸಿಲು ಬಿತ್ತು. ಆಗ ಕ್ಲಾಸು ಎರಡು ಭಾಗವಾಯಿತು.

ಒಂದು ಭಾಗದ ಮಕ್ಕಳಿಗೆ ಏನೂ ಆಗಲಿಲ್ಲ. ಅವರು ಮನೆ ಹಿಂದಿನ ಕಣದಲ್ಲಿ ಆಡುತ್ತಿದ್ದರು. ಭಾನುವಾರ ಅಪ್ಪ, ಚಿಕ್ಕಪ್ಪನ ಜೊತೆ ಪೊನ್ನಂಪೇಟೆಯ ಟರ್ಫ್‌ಗೆ ಹೋಗುತ್ತಿದ್ದರು. ಮಾರ್ಚ್ ಕೊನೆಗೆ ನಾಪೋಕ್ಲುವಿನ ಹಬ್ಬ ಇತ್ತಲ್ಲ, ತಮ್ಮ ಒಕ್ಕದ, ಅಂದರೆ ಮನೆತನದ, ತಂಡದ ಜೊತೆ ಅಭ್ಯಾಸ ಮಾಡಿದರು. ಶಾಲೆ ಆಟ ಕೊಡಲಿ ಬಿಡಲಿ, ಅವರಿಗೆ ಆಟ ಇತ್ತು. ಒಕ್ಕದವರು ಕೊಟ್ಟಿದ್ದರು. ಅರೆಭಾಷೆ ಗೌಡ ಕುಟುಂಬಗಳ ಮಕ್ಕಳಿಗೂ ಹಾಗೇ, ಅವರಲ್ಲಿ ಕುಟುಂಬಗಳ ಕ್ರಿಕೆಟ್ ಇದೆ.

ಇನ್ನೊಂದು ಭಾಗದವರಿಗೆ ಇದ್ದದ್ದು ನಮ್ಮ ಮೈದಾನ ಒಂದೇ. ಡ್ರೈವರ್ ಮಗನಿಗೆ ಕಣ ಇಲ್ಲ. ಅಂಗಡಿ ಮೇಲಿನ ಮನೆಯಲ್ಲಿ ಇರುವ ಹುಡುಗಿಗೆ ಅಂಗಳ ಇಲ್ಲ. ತೋಟದ ಕೆಲಸಗಾರರ ಲೈನ್ ಮನೆಯ ಪಕ್ಕದಲ್ಲಿ ಸಂಜೆ ಆರರ ಮೇಲೆ ಆನೆ ಭಯ. ಬೆಳಿಗ್ಗೆ ಬೇಗ ಬಂದು ಆಡಿ ಅನ್ನಲೂ ಆಗುವುದಿಲ್ಲ, ತೋಟದ ದಾರಿಯಲ್ಲಿ ಆನೆ ಇರುವುದು ಆ ಹೊತ್ತಿಗೇ. ಮೈದಾನ ಮುಚ್ಚಿದಾಗ ಅವರಿಗೆ ಆಟವೇ ಮುಚ್ಚಿಹೋಯಿತು. ಒಂದೇ ಬೆಂಚಿನಲ್ಲಿ ಕೂರುವ ಇಬ್ಬರು ಮಕ್ಕಳ ನಡುವೆ ಇಂಥ ಅಂತರ ಇದೆ ಎಂದು ನನಗೆ ಅಲ್ಲಿವರೆಗೆ ತಿಳಿದೇ ಇರಲಿಲ್ಲ. ಫೀಸು ಇಬ್ಬರೂ ಒಂದೇ ಕಟ್ಟುತ್ತಾರೆ.

ಒಂಬತ್ತನೇ ತರಗತಿಯ ಒಬ್ಬ ಹುಡುಗಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅವಳ ತಂದೆ ತೋಟದ ಜೀಪ್ ಓಡಿಸುತ್ತಾರೆ. ತಾಯಿ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. ಫೀಸು ಮೂರು ಕಂತು. ಎಂಟನೇ ಕ್ಲಾಸಿನಲ್ಲಿ ಅವಳು ಹಾಕಿ ಆಡುತ್ತಿದ್ದಳು. ತುಂಬಾ ಚೆನ್ನಾಗಿ ಆಡುತ್ತಿದ್ದಳು ಅಂತೇನಿಲ್ಲ. ಶಾಲೆಯ ಸ್ಟಿಕ್‌ಗಳಲ್ಲಿ ಒಂದನ್ನು ತನ್ನದು ಅಂದುಕೊಂಡಿದ್ದಳು. ಅದರ ಹಿಡಿಗೆ ತಾಯಿಯ ಹೊಲಿಗೆಯಲ್ಲಿ ಉಳಿದ ಹಸಿರು ಬಟ್ಟೆಯ ಪಟ್ಟಿ ಸುತ್ತಿದ್ದಳು. ಸುತ್ತಿದ ಕೊನೆಯನ್ನು ಸೂಜಿಯಿಂದ ಹೊಲಿದಿದ್ದಳು, ಬಿಚ್ಚಬಾರದು ಅಂತ.

ನವೆಂಬರ್ ಹೊತ್ತಿಗೆ ಅವಳು ಶನಿವಾರ ಬರುವುದನ್ನು ಬಿಟ್ಟಳು. ಹಿಂದೆ ಶನಿವಾರ ಕೊನೆಯ ಪಿರಿಯಡ್ ಆಟ ಇರುತ್ತಿತ್ತು. ಆಮೇಲೆ ಬುಧವಾರವೂ ತಪ್ಪತೊಡಗಿದಳು. ಕೇಳಿದರೆ ತಲೆನೋವು ಅನ್ನುತ್ತಿದ್ದಳು. ತಾಯಿಗೆ ಫೋನ್ ಮಾಡಿದೆ. "ಏನಿಲ್ಲ ಟೀಚರೇ, ಬೆಳಿಗ್ಗೆ ಎದ್ದೇಳೋಕೇ ಬೇಜಾರು ಮಾಡ್ತಾಳೆ. ಮೊದಲು ಹೀಗಿರಲಿಲ್ಲ" ಎಂದರು. ಹುಡುಗಿಯನ್ನು ಸ್ಟಾಫ್ ರೂಮಿಗೆ ಕರೆದು ಕೂರಿಸಿಕೊಂಡೆ. ಬಹಳ ಹೊತ್ತು ಸುಮ್ನೆ ಇದ್ದಳು. ಆಮೇಲೆ, "ಮಿಸ್, ಕ್ಲಾಸಲ್ಲಿ ನಾನು ಯಾವುದರಲ್ಲೂ ಇಲ್ಲ" ಎಂದಳು. ಆ ಮಾತು ನನಗೆ ಆ ದಿನ ಅರ್ಥವಾಗಲಿಲ್ಲ. ಮನೆಗೆ ಹೋಗಿ ಉತ್ತರಪತ್ರಿಕೆ ತಿದ್ದುವಾಗ ಅರ್ಥವಾಯಿತು. ಅವಳದ್ದು ಸಾಧಾರಣ ಅಂಕ. ಹಾಡುವುದಿಲ್ಲ, ಭಾಷಣ ಮಾಡುವುದಿಲ್ಲ. ತಂಡದಲ್ಲಿ ಅವಳಿಗೆ ಎಡಗಡೆ ಒಂದು ಜಾಗ ಇತ್ತು. "ನಿನ್ನ ಜಾಗಕ್ಕೆ ಹೋಗು" ಎಂದು ಮಾಸ್ಟ್ರು ಕೂಗುವಾಗ ಹೋಗಿ ನಿಲ್ಲುವ ಜಾಗ. ಅದನ್ನು ನಾವು ತೆಗೆದಿದ್ದೆವು.

ಕ್ಲಾಸಿನಲ್ಲಿ ಬೇರೆ ಬದಲಾವಣೆಯೂ ಕಂಡಿತು. ಮಧ್ಯಾಹ್ನದ ಹೆಚ್ಚುವರಿ ಗಣಿತದಲ್ಲಿ ಮೊದಲ ಇಪ್ಪತ್ತು ನಿಮಿಷ ಕಳೆದರೆ ಮಕ್ಕಳು ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುತ್ತಿದ್ದರು. ಹುಡುಗರ ಜಗಳ ಜಾಸ್ತಿಯಾಯಿತು. ನನ್ನ 37 ಗಂಟೆ ಪುಸ್ತಕದಲ್ಲಿ ಇತ್ತು, ಮಕ್ಕಳ ತಲೆಗೆ ಎಷ್ಟು ಹೋಯಿತೋ ಹೇಳಲಾರೆ.

ಫಲಿತಾಂಶ ಏನು ಹೇಳಿತು

2024ರ ಮೇನಲ್ಲಿ ಫಲಿತಾಂಶ ಬಂತು. ಡಿಸ್ಟಿಂಕ್ಷನ್ ಏರಲಿಲ್ಲ. ಇನ್ನೂ ಸ್ವಲ್ಪ ಇಳಿಯಿತು.

ಇಲ್ಲಿ ನಾನು ಜಾಗ್ರತೆಯಿಂದ ಮಾತಾಡಬೇಕು. ಆಟ ತೆಗೆದದ್ದಕ್ಕೇ ಅಂಕ ಇಳಿಯಿತು ಎಂದು ಹೇಳುವುದು ಸುಲಭ, ಕೇಳುವವರಿಗೂ ಹಿತ. ಆದರೆ ಆ ವರ್ಷ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾದ ನೇರ ನಿಗಾ, ಬಂದಿತ್ತು. ಇಡೀ ರಾಜ್ಯದ ಫಲಿತಾಂಶವೇ 83.89ರಿಂದ ಶೇಕಡ 73.40ಕ್ಕೆ ಬಿದ್ದಿತ್ತು. ನಮ್ಮ ಒಂದು ಸಣ್ಣ ಕ್ಲಾಸಿನ ಏರಿಳಿತದಿಂದ ಯಾವ ತೀರ್ಮಾನಕ್ಕೂ ಬರಲು ಆಗುವುದಿಲ್ಲ. ಹೇಳಬಹುದಾದದ್ದು ಇಷ್ಟೇ: ಆಟ ತೆಗೆದರೆ ಅಂಕ ಏರುತ್ತದೆ ಎಂದು ನಂಬಿದ್ದೆವು, ಏರಲಿಲ್ಲ.

ಬೇಸಿಗೆ ರಜೆಯಲ್ಲಿ ನಾನು ಈ ವಿಷಯ ಓದತೊಡಗಿದೆ. ಕೆನಡಾದ ಕ್ವಿಬೆಕ್‌ನ ತ್ರುವಾ-ರಿವಿಯೇರ್‌ನಲ್ಲಿ 1970ರ ದಶಕದಲ್ಲೇ ಒಂದು ಪ್ರಯೋಗ ನಡೆದಿದೆ. ಪ್ರಾಥಮಿಕ ಶಾಲೆಯ ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಹೆಚ್ಚು ಆಟ ಕೊಟ್ಟರು. ಆ ಗಂಟೆಯನ್ನು ತೆಗೆದದ್ದು ಪಾಠದ ಸಮಯದಿಂದ. ಹಾಗೆ ಮಾಡಿದರೂ ಮಕ್ಕಳು ಓದಿನಲ್ಲಿ ಹಿಂದೆ ಬೀಳಲಿಲ್ಲ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2010ರಲ್ಲಿ ಇಂಥ 50 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಶಾಲೆಯಲ್ಲಿ ಮೈ ಆಡಿಸುವುದಕ್ಕೂ ಓದಿಗೂ ಇರುವ ಸಂಬಂಧಗಳಲ್ಲಿ ಅರ್ಧದಷ್ಟು ಒಳ್ಳೆಯ ಕಡೆಗೆ ಇದ್ದವು, ಉಳಿದದ್ದರಲ್ಲಿ ಬಹುಪಾಲು ಆ ಕಡೆಯೂ ಇಲ್ಲ ಈ ಕಡೆಯೂ ಇಲ್ಲ. ಕೆಟ್ಟ ಕಡೆಗೆ ಇದ್ದದ್ದು ಶೇಕಡ 1.5 ಮಾತ್ರ. ಗಣಿತದವಳಾಗಿ ನನಗೆ ನಾಟಿದ್ದು ಈ ಕೊನೆಯ ಸಂಖ್ಯೆ.

ಇನ್ನೊಂದು ಲೆಕ್ಕವನ್ನೂ ಹಾಕಿದೆ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗುವಷ್ಟು ಓಡಾಟ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ವಾರಕ್ಕೆ 420 ನಿಮಿಷ. ನಾವು ಮೊದಲು ಕೊಡುತ್ತಿದ್ದದ್ದೇ 80 ನಿಮಿಷ, ಐದರಲ್ಲಿ ಒಂದು ಪಾಲೂ ಆಗಲಿಲ್ಲ. ಅದನ್ನೂ ಕಿತ್ತುಕೊಂಡಿದ್ದೆವು. ಶಿಕ್ಷಣ ಹಕ್ಕು ಕಾಯ್ದೆ ಶಾಲೆಗೆ ಆಟದ ಮೈದಾನ ಇರಲೇಬೇಕು ಎನ್ನುತ್ತದೆ. ನಮ್ಮಲ್ಲಿ ಮೈದಾನ ಇತ್ತು, ತನಿಖೆಗೆ ಬಂದವರು ನೋಡಿ ಟಿಕ್ ಹಾಕಿ ಹೋಗಿದ್ದರು.

ವಾಪಸ್ ತಂದದ್ದು ಹೇಗೆ

2024ರ ಜೂನ್ ಸಭೆಯಲ್ಲಿ ನಾನು ಎದ್ದು ಇದನ್ನೆಲ್ಲ ಹೇಳಿದೆ. ಕೆಲವು ಪೋಷಕರಿಗೆ ಸಿಟ್ಟು ಬಂತು. ಇಬ್ಬರು ಮಕ್ಕಳನ್ನು ಬೇರೆ ಶಾಲೆಗೆ ಸೇರಿಸಿದರು. ಆಡಳಿತ ಮಂಡಳಿಯ ಒಬ್ಬ ಹಿರಿಯರು ಮಾತ್ರ ನೇರ ಪ್ರಶ್ನೆ ಕೇಳಿದರು. "ಸರಿ ಟೀಚರೇ, ಕಪ್ ಬರುತ್ತಾ?" ಬರುವುದಿಲ್ಲ ಎಂದೆ. ಕಪ್ಪಿಗಾಗಿ ಮಾಡಿದರೆ ಮತ್ತೆ ಹನ್ನೊಂದು ಮಕ್ಕಳು ಆಡುತ್ತಾರೆ, ಉಳಿದವರು ಕೂತು ಚಪ್ಪಾಳೆ ತಟ್ಟುತ್ತಾರೆ.

ಈ ಮಾತನ್ನು ಸ್ವಲ್ಪ ಒತ್ತಿ ಹೇಳುತ್ತೇನೆ. ಬಹಳಷ್ಟು ಖಾಸಗಿ ಶಾಲೆಗಳಲ್ಲಿ ಕ್ರೀಡೆ ಅಂದರೆ ಅಡ್ಮಿಷನ್ ಸಮಯದ ಫ್ಲೆಕ್ಸ್. ಚೆನ್ನಾಗಿ ಆಡುವ ನಾಲ್ಕು ಮಕ್ಕಳನ್ನು ಫೀಸಿಲ್ಲದೆ ಸೇರಿಸಿಕೊಂಡು ಅವರ ಮೆಡಲಿನಲ್ಲಿ ಶಾಲೆ ಹೆಸರು ಮಾಡುತ್ತದೆ. ಆ ಮಕ್ಕಳಿಗೆ ಒಳ್ಳೆಯದೇ ಆಗುತ್ತದೆ, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಅದು ಶಾಲೆಯ ಕ್ರೀಡೆ ಅನ್ನಿಸಿಕೊಳ್ಳುವುದಿಲ್ಲ. ಗೋಣಿಕೊಪ್ಪಲಿನ ಬಳಿಯೇ ಓಟಗಾರ್ತಿ ಅಶ್ವಿನಿ ನಾಚಪ್ಪ ಪಾಠಕ್ಕೂ ಆಟಕ್ಕೂ ಸಮ ಜಾಗ ಕೊಟ್ಟು ಶಾಲೆ ಕಟ್ಟಿದ್ದಾರೆ. ಅಷ್ಟು ದೊಡ್ಡದಾಗಿ ಮಾಡಲು ನಮ್ಮಲ್ಲಿ ದುಡ್ಡಿಲ್ಲ. ನಾವು ಯೋಚಿಸಬೇಕಾದದ್ದು ಇರುವ ಇಳಿಜಾರು ಮೈದಾನದಲ್ಲಿ ಎಲ್ಲ ಮಕ್ಕಳಿಗೂ ಬಾಲ್ ಮುಟ್ಟಿಸುವುದು ಹೇಗೆ ಅಂತ.

ಪಿಇ ಮಾಸ್ಟ್ರು ಪೂರ್ತಿ ಕೆಲಸಕ್ಕೆ ವಾಪಸ್ ಬಂದರು. ಅವರೇ ಹೇಳಿದ ಮೊದಲ ಬದಲಾವಣೆ ಹನ್ನೊಂದು ಜನರ ಆಟ ಬಿಡುವುದು. ಒಂದು ದಿನ ನಾನು ಮೆಟ್ಟಿಲ ಮೇಲೆ ನೋಟ್‌ಬುಕ್ ಹಿಡಿದು ಕೂತೆ. ಹಳೆಯ ರೀತಿಯಲ್ಲಿ ಆಡಿಸಿ ಎಂದೆ. ಹಿಂದೆ ನಿಂತಿದ್ದ ಒಬ್ಬ ಹುಡುಗಿಯನ್ನೇ ನೋಡುತ್ತಾ ಕೂತೆ. 40 ನಿಮಿಷದಲ್ಲಿ ಅವಳ ಸ್ಟಿಕ್‌ಗೆ ಬಾಲ್ ತಾಗಿದ್ದು ನಾಲ್ಕು ಸಲ. ಮುಂದಿನ ವಾರ ಮೈದಾನವನ್ನು ಸುಣ್ಣದ ಗೆರೆಯಿಂದ ನಾಲ್ಕು ಮಾಡಿ, ಐದೈದು ಜನರ ತಂಡ ಮಾಡಿದರು. ಅದೇ ಹುಡುಗಿಯನ್ನು ಮತ್ತೆ ನೋಡಿದೆ. ಹತ್ತು ನಿಮಿಷಕ್ಕೇ ಎಣಿಸುವುದು ಬಿಟ್ಟೆ, ಲೆಕ್ಕ ಸಿಗಲಿಲ್ಲ.

ಸ್ಟಿಕ್‌ಗಳದ್ದು ಇನ್ನೊಂದು ಕಥೆ. ಇದ್ದದ್ದು ಸ್ವಲ್ಪ, ಅರ್ಧ ಮುರಿದವು. ಹೊಸದಕ್ಕೆ ದುಡ್ಡಿಲ್ಲ. ಗೋಲ್‌ಕೀಪರ್ ಕಿಟ್ ಒಂದಕ್ಕೇ ಹತ್ತಾರು ಸಾವಿರ. ಆಗ ಮಾಸ್ಟ್ರು, "ಕೊಡಗಲ್ಲಿ ಸ್ಟಿಕ್ ಇಲ್ಲದ ಅಟ್ಟ ಇದೆಯಾ ಮೇಡಂ?" ಎಂದರು. ಹಳೆಯ ವಿದ್ಯಾರ್ಥಿಗಳಿಗೆ, ಒಕ್ಕದ ತಂಡಗಳಲ್ಲಿ ಆಡುವ ಪೋಷಕರಿಗೆ ವಾಟ್ಸ್ಯಾಪ್ ಹಾಕಿದೆವು. ಎರಡು ವಾರದಲ್ಲಿ ಕಾಫಿ ಚೀಲದಲ್ಲಿ ಕಟ್ಟಿಕೊಂಡು ಸ್ಟಿಕ್ ಬಂದವು. ಹಳೆಯ ಮರದವು, ತುದಿ ಸವೆದವು, ಒಂದರ ಮೇಲೆ ಯಾರೋ ಅಜ್ಜನ ಹೆಸರು ಕೆತ್ತಿದ್ದು. ಒಂದು ಐನ್‌ಮನೆಯಿಂದ, ಅಂದರೆ ಒಕ್ಕದ ಮೂಲ ಮನೆಯಿಂದ, ಗೋಲ್‌ಕೀಪರ್ ಪ್ಯಾಡೂ ಬಂತು. ಮನೆಯಲ್ಲಿ ಆಟ ಇರುವ ಮಕ್ಕಳಿಂದ ಆಟ ಇಲ್ಲದ ಮಕ್ಕಳಿಗೆ ಏನೋ ದಾಟಿಬಂದ ಹಾಗೆ ನನಗೆ ಅನ್ನಿಸಿತು. ಕೊಟ್ಟವರೂ ಸುಮ್ನೆ ಕೊಟ್ಟು ಹೋಗಲಿಲ್ಲ. ಇಬ್ಬರು ಶನಿವಾರ ಬಂದು ಮಕ್ಕಳಿಗೆ ಸ್ಟಿಕ್ ಹಿಡಿಯುವುದು ತೋರಿಸಿಕೊಟ್ಟರು.

ಮಳೆಗಾಲಕ್ಕೆ ಬೇರೆ ಲೆಕ್ಕ. ವರಾಂಡದಲ್ಲಿ ಬೆಂಚು ಸರಿಸಿ, ಟೆನ್ನಿಸ್ ಬಾಲಿನಲ್ಲಿ ಡ್ರಿಬ್ಲಿಂಗ್. ಹಾಲ್‌ನಲ್ಲಿ ಸ್ಕಿಪ್ಪಿಂಗ್, ರಿಲೇ. ಹೆಂಚಿನ ಮೇಲೆ ಮಳೆ ಬೀಳುವ ಸದ್ದಿನಲ್ಲಿ ವಿಷಲ್ ಕೇಳುವುದಿಲ್ಲ, ಮಾಸ್ಟ್ರು ಕೈ ಬಾವುಟ ಹಿಡಿದರು. ಯೋಗ ಮಾಡಿಸಿ ನೋಡಿದೆವು, ಒದ್ದೆ ಸಾಕ್ಸಿನಲ್ಲಿ ತಣ್ಣನೆಯ ನೆಲದ ಮೇಲೆ ಮಕ್ಕಳು ನಡುಗಿದರು. ಬಿಟ್ಟೆವು.

ಹೆಣ್ಣುಮಕ್ಕಳ ವಿಷಯದಲ್ಲಿ ನಾವು ತಡವಾಗಿ ಎಚ್ಚೆತ್ತೆವು. ಎಂಟು, ಒಂಬತ್ತನೇ ತರಗತಿಗೆ ಬರುವಾಗ ಅವರು ಆಟ ಬಿಡುವುದು ಇಷ್ಟವಿಲ್ಲದೆ ಅಲ್ಲ. ಶನಿವಾರದ ಬಿಳಿ ಯೂನಿಫಾರ್ಮ್ ಅವರಿಗೆ ಭಯ. ಯಾಕೆ ಅಂತ ಯಾವ ಹೆಂಗಸಿಗೂ ಬಿಡಿಸಿ ಹೇಳಬೇಕಿಲ್ಲ. ಬಿಳಿ ತೆಗೆದು ಕಡು ನೀಲಿ ಟ್ರ್ಯಾಕ್ ಪ್ಯಾಂಟ್ ಮಾಡಿದೆವು. ಅದೇ ತಿಂಗಳು ಆಡುವ ಹುಡುಗಿಯರು ಜಾಸ್ತಿಯಾದರು. ಇಡೀ ಬದಲಾವಣೆಯಲ್ಲಿ ಅತಿ ಕಡಿಮೆ ಖರ್ಚಿನದ್ದು ಇದೇ. ಯಾರಾದರೂ ಗಂಡಸರು ಇದನ್ನು ಓದುತ್ತಿದ್ದರೆ ನಿಮ್ಮ ಶಾಲೆಯಲ್ಲಿ ಇದನ್ನು ಇವತ್ತೇ ಕೇಳಿ.

ಕಷ್ಟವಾದದ್ದು ಸಂಜೆಯ ಬಸ್. ನಾಲ್ಕೂಕಾಲಿಗೆ ಬಸ್ ಹೊರಡುತ್ತದೆ. ಅಭ್ಯಾಸಕ್ಕೆ ನಿಂತರೆ ಮನೆಗೆ ಹೋಗುವುದು ಹೇಗೆ? ಎರಡನೇ ಟ್ರಿಪ್‌ಗೆ ಡೀಸೆಲ್ ದುಡ್ಡು ಇಲ್ಲ ಎಂದಿತು ಮಂಡಳಿ. ಕೊನೆಗೆ ಹಸಿರು ಪಟ್ಟಿಯ ಹುಡುಗಿಯ ತಂದೆ ತೋಟದ ಮಾಲೀಕರನ್ನು ಕೇಳಿ, ಮಂಗಳವಾರ ಮತ್ತು ಗುರುವಾರ ಜೀಪಿನಲ್ಲಿ ಆ ದಾರಿಯ ಮಕ್ಕಳನ್ನು ಬಿಡಲು ಒಪ್ಪಿದರು. ಐದೂವರೆಗೆ ಹೊರಟರೆ ಬೆಳಕಿರುವಾಗಲೇ ಮನೆ ಸೇರುತ್ತಾರೆ. ಬೇರೆ ದಾರಿಯ ಮಕ್ಕಳಿಗೆ ಇನ್ನೂ ಏನೂ ಆಗಿಲ್ಲ.

ಆಮೇಲೆ

ಆ ವರ್ಷ ತಾಲ್ಲೂಕು ಮಟ್ಟದಲ್ಲಿ ನಮ್ಮ ಹುಡುಗಿಯರ ತಂಡ ಮೊದಲ ಪಂದ್ಯದಲ್ಲೇ ಸೋತಿತು. ಹುಡುಗರು ಎರಡನೆಯದರಲ್ಲಿ ಸೋತರು. ಅಭ್ಯಾಸದಲ್ಲಿ ಒಬ್ಬ ಹುಡುಗನ ಮುಂದಿನ ಹಲ್ಲು ಮುರಿಯಿತು. ಅವನ ತಾಯಿಯ ಮುಂದೆ ನಿಂತು ಮಾತಾಡುವಾಗ ನನ್ನ ಧೈರ್ಯವೆಲ್ಲ ಹೋಗಿತ್ತು. ಈಗ ಮೌತ್‌ಗಾರ್ಡ್ ಇಲ್ಲದೆ ಯಾರೂ ಆಡುವಂತಿಲ್ಲ. ಮೊದಲೇ ಮಾಡಬೇಕಿತ್ತು.

ಹಸಿರು ಪಟ್ಟಿಯ ಹುಡುಗಿ ಹತ್ತನೇ ಕ್ಲಾಸಿನಲ್ಲಿ ಗೋಲ್‌ಕೀಪರ್ ಆದಳು. ಐನ್‌ಮನೆಯಿಂದ ಬಂದ ಪ್ಯಾಡ್ ತುಂಬಾ ಭಾರ, ಹಾಕಿಕೊಳ್ಳಲು ಬೇರೆ ಯಾರೂ ಮುಂದೆ ಬರಲಿಲ್ಲ. ಇವಳು ಬಂದಳು. ಶನಿವಾರ ಒಂದೂ ತಪ್ಪಿಸಲಿಲ್ಲ, ಬುಧವಾರದ ತಲೆನೋವೂ ಕಾಣಲಿಲ್ಲ. 2025ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದಳು. ಗಣಿತದಲ್ಲಿ ಬಂದ ಅಂಕ ನಾನು ಅಂದುಕೊಂಡಷ್ಟೇ, ಜಾಸ್ತಿಯೂ ಇಲ್ಲ ಕಡಿಮೆಯೂ ಇಲ್ಲ. ಟಿಸಿ ತೆಗೆದುಕೊಳ್ಳಲು ಬಂದ ದಿನ ಲ್ಯಾಬಿನ ಹಿಂದಿನ ಕೋಣೆಗೆ ಹೋಗಿ ತನ್ನ ಹಳೆಯ ಸ್ಟಿಕ್ ಹುಡುಕಿದಳು. ಹಿಡಿಯ ಪಟ್ಟಿ ಕೊಳೆಯಾಗಿತ್ತು. ಬಿಚ್ಚಿ, ತಾಯಿ ಕೊಟ್ಟಿದ್ದ ಹೊಸ ಪಟ್ಟಿ ಸುತ್ತಿ, ಹೊಲಿದು, ಏಳನೇ ಕ್ಲಾಸಿನ ಒಬ್ಬಳ ಕೈಗೆ ಕೊಟ್ಟು ಹೋದಳು.

ಮೈದಾನದ ಪಕ್ಕ ಶೀಟಿನ ಚಪ್ಪರ ಹಾಕಬೇಕು ಅಂತ ಈಗ ಮಂಡಳಿಯ ಮುಂದೆ ಅರ್ಜಿ ಇಟ್ಟಿದ್ದೇವೆ. ಅರ್ಧ ದುಡ್ಡು ಹಳೆಯ ವಿದ್ಯಾರ್ಥಿಗಳು ಕೊಡುತ್ತಾರೆ. ಕಂಬಕ್ಕೆ ತೋಟದ ಸಿಲ್ವರ್ ಮರ ಕೊಡಲು ಒಬ್ಬರು ಒಪ್ಪಿದ್ದಾರೆ. ಮೇ ಒಳಗೆ ಮುಗಿದರೆ ಸರಿ. ಜೂನ್ ಬಂದರೆ ಮತ್ತೆ ಮಳೆ.